ಇಪ್ಪತ್ತಾರು ಕಿಲೋದ ಯುದ್ಧನೌಕೆ

ದೋಣಿ ಮುಳುಗಬಹುದಿತ್ತು. ಮುಳುಗದೆ ಒಂದು ಪಕ್ಕಕ್ಕೆ ವಾಲಿಕೊಂಡು ನಿಲ್ಲಬಹುದಿತ್ತು. ವಾಲದಿದ್ದರೂ ಹಿಂಬದಿಯಿಂದ ನೀರು ಜಿನುಗಿ ಬ್ಯಾಟರಿ ಹೊಗೆಯಾಡಬಹುದಿತ್ತು. ಫಿರಂಗಿಯ ಗೋಪುರ ಅರ್ಧ ತಿರುಗಿ ಅಲ್ಲೇ ಸಿಕ್ಕಿಕೊಳ್ಳಬಹುದಿತ್ತು, ಅದೂ ಸೇಠರ ಹೆಂಡತಿಯ ಕಡೆಗೆ ಗುರಿಯಿಟ್ಟು. ಇಂಡಸ್ಟ್ರಿಯಲ್ ಏರಿಯಾದಿಂದ ಲೊರೆಶೋದ ಸೇಠರ ಮನೆಗೆ ಹೊರಟ ಪಿಕಪ್‌ಗೆ ಯಾವುದಾದರೂ ಮಟಾಟು ವ್ಯಾನು ಬಂದು ಗುದ್ದಬಹುದಿತ್ತು. ಮೇ ತಿಂಗಳು, ಮಳೆ ಬರಬಹುದಿತ್ತು. ಬರದಿದ್ದರೆ ಈಜುಕೊಳ ತೊಳೆಯಲೆಂದು ಯಾರೋ ಹಿಂದಿನ ದಿನವೇ ನೀರು ಖಾಲಿ ಮಾಡಿಟ್ಟಿರಬಹುದಿತ್ತು. ಎಂಬತ್ತೈದರ ಮುದುಕರು ಅಂಚಿನಲ್ಲಿ ಜಾರಿ ಬೀಳಬಹುದಿತ್ತು. ಬೀಳದೆ, ದೋಣಿಯನ್ನು ಒಮ್ಮೆ ನೋಡಿ, "ಇದೇನಿದು?" ಎಂದು ಮಗಳನ್ನು ಕೇಳಬಹುದಿತ್ತು. ಎಲ್ಲಕ್ಕಿಂತ ನಾನು ಹೆದರಿದ್ದು ಇದಕ್ಕೆ.

ಇದನ್ನೆಲ್ಲ ಡೈರಿಯಲ್ಲಿ ಅಂಕೆ ಹಾಕಿ ಬರೆದಿದ್ದೆ. ಒಟ್ಟು ನಲವತ್ತೊಂದು. ನನ್ನ ಹೆಂಡತಿ ಅದನ್ನು ಓದಿ, "ಭೂಕಂಪ ಬಿಟ್ಟಿದೀರಲ್ರೀ" ಅಂದಳು. ನಲವತ್ತೆರಡು ಮಾಡಿಕೊಂಡೆ.

ನಾನು ಆಗ ನೈರೋಬಿಯ ಒಂದು ತಗಡಿನ ಕಾರ್ಖಾನೆಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ನೀರಿನ ಟ್ಯಾಂಕು, ಶಾಲೆಯ ಬೆಂಚು, ಕಬ್ಬಿಣದ ಗೇಟು ಮಾಡುತ್ತಿದ್ದೆವು. ಯುದ್ಧನೌಕೆ ಮಾಡುತ್ತಿರಲಿಲ್ಲ. ಆದರೆ 2005ರ ಮಾರ್ಚ್ ಕೊನೆಯಲ್ಲಿ ಸೇಠರು ನನ್ನನ್ನು ಕೂಗಿ, ಎದುರಿಗೆ ಕೂತಿದ್ದ ಬಿಳಿಗೂದಲ ಹೆಂಗಸನ್ನು ತೋರಿಸಿ, "ಇವರು ನಮ್ಮ ಮೂರೂ ಮಕ್ಕಳಿಗೆ ಲೆಕ್ಕ ಕಲಿಸಿದವರು. ಇವರಿಗೆ ಒಂದು ಸಣ್ಣ ದೋಣಿ ಬೇಕಂತೆ. ಮಾಡಿಕೊಡ್ತೀವಿ ಅಂದಿದೀನಿ" ಎಂದರು. ಸೇಠರು 'ಅಂದಿದೀನಿ' ಎಂದಮೇಲೆ ಅದು ಆದಂತೆಯೇ. ಆಗಿಸುವುದು ಮಾತ್ರ ನನ್ನ ಪಾಲು.

ಎಲ್ಲರೂ ಆಕೆಯನ್ನು ಮ್ವಾಲಿಮು ಎನ್ನುತ್ತಿದ್ದರು. ಟೀಚರ್ ಎಂಬ ಅರ್ಥದ ಅಲ್ಲಿನ ಮಾತು. ಹುಟ್ಟಿನಿಂದ ರಷ್ಯನ್. ಲೆನಿನ್‌ಗ್ರಾದ್‌ನಲ್ಲಿ ಓದುತ್ತಿದ್ದ ಕೆನ್ಯಾದ ಎಂಜಿನಿಯರೊಬ್ಬರನ್ನು ಮದುವೆಯಾಗಿ ಮೂವತ್ತೈದು ವರ್ಷಗಳ ಹಿಂದೆ ಬಂದವರು, ಗಂಡ ತೀರಿಕೊಂಡಿದ್ದರು. ಹಿಂದಿನ ವರ್ಷ ತಾಯಿಯೂ ಹೋದಮೇಲೆ ತಂದೆಯನ್ನು ಕಿಲಿಮಾನಿಯ ತಮ್ಮ ಫ್ಲ್ಯಾಟಿಗೆ ಕರೆತಂದಿದ್ದರು.

"ಅಪ್ಪ ಯುದ್ಧದಲ್ಲಿ ನದಿಯಲ್ಲಿ ಕಾದುವ ಉಕ್ಕಿನ ಕವಚದ ದೋಣಿಯಲ್ಲಿ ಮೆಕ್ಯಾನಿಕ್. ಸ್ಟಾಲಿನ್‌ಗ್ರಾದ್ ಮುಂದೆ, ವೋಲ್ಗಾದ ಮೇಲೆ" ಎಂದರು. "ಇಲ್ಲಿ ನನ್ನ ಬಿಟ್ಟರೆ ಅವರ ಭಾಷೆಯವರು ಯಾರೂ ಇಲ್ಲ. ನನ್ನ ಮಕ್ಕಳಿಗೆ ಅರ್ಥವಾಗುತ್ತೆ, ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾರೆ." ನಮ್ಮ ಮನೆಯದೇ ಕಥೆ ಎಂದುಕೊಂಡೆ. "ಬೆಳಿಗ್ಗೆ ತಿಂದದ್ದು ಅವರಿಗೆ ಮಧ್ಯಾಹ್ನ ನೆನಪಿರಲ್ಲ. ದೋಣಿ ಮಾತ್ರ ನೆನಪಿತ್ತು, ಒಂದೊಂದು ಬೋಲ್ಟೂ. ಹೋದ ತಿಂಗಳು ಎರಡು ಇಂಜಿನ್ ಇತ್ತು ಅಂದರು." ಸ್ವಲ್ಪ ತಡೆದು, "ಇದ್ದದ್ದು ಒಂದೇ" ಎಂದರು.

ಮೇ ಒಂಬತ್ತು ಅವರ ವಿಜಯದ ದಿನ. ಯುದ್ಧ ಮುಗಿದು ಅರವತ್ತು ವರ್ಷ. ಆ ಹೊತ್ತಿಗೆ ಅಪ್ಪನ ಎದುರು ದೋಣಿ ನೀರಿನಲ್ಲಿ ತೇಲಬೇಕು, ಅವರಿಗೆ ಅದರ ಗುರುತು ಸಿಗುವಾಗಲೇ. ಮುಂದಿನ ವರ್ಷವೆಂದರೆ ಆಗದು.

ಅವರು ತಂದಿದ್ದದ್ದು ಹಳೆಯ ನಕ್ಷೆಯೊಂದರ ಜೆರಾಕ್ಸ್, ಅದರ ಮೇಲೆ ಮುದುಕರ ನಡುಗುವ ಪೆನ್ಸಿಲ್ಲಿನ ತಿದ್ದುಪಡಿಗಳು. ನೋಡಿದರೆ ವಿಚಿತ್ರ ಪ್ರಾಣಿ. ಚಪ್ಪಟೆ ತಳ, ನಡುವೆ ಗೂಡಿನಂಥ ಚುಕ್ಕಾಣಿಯ ಕೋಣೆ, ಮುಂದುಗಡೆ ಟ್ಯಾಂಕಿನಿಂದ ಕಿತ್ತು ತಂದು ಕೂರಿಸಿದಂತೆ ಒಂದು ಗೋಪುರ. ಕೂರಿಸಿದಂತೆ ಏನು, ನಿಜಕ್ಕೂ ಅದು ಟ್ಯಾಂಕಿನದೇ. ನೌಕೆಗೆಂದು ಬೇರೆ ಗೋಪುರ ಮಾಡುತ್ತಾ ಕೂರಲು ಅವರಿಗೆ ಪುರಸೊತ್ತಿರಲಿಲ್ಲ. ಪ್ರೊಪೆಲ್ಲರ್ ತಳದಿಂದ ಕೆಳಗೆ ಇಳಿಬೀಳದಂತೆ ಹೊಟ್ಟೆಯೊಳಗೆ ಕೊರೆದ ಅರ್ಧ ಸುರಂಗದಲ್ಲಿತ್ತು. ಒಂದು ನದಿಯ ಕೆಲಸ ಮುಗಿದರೆ ರೈಲಿನ ತೆರೆದ ಬೋಗಿಯ ಮೇಲೆ ಹೇರಿ ಇನ್ನೊಂದು ನದಿಗೆ ಒಯ್ಯಬಹುದಾದಷ್ಟೇ ಅಗಲ, ಅಷ್ಟೇ ಎತ್ತರ. ವೋಲ್ಗಾದಲ್ಲಿ ಕಾದಿದ ದೋಣಿಗಳು ಹಾಗೆಯೇ ರೈಲು ಹತ್ತಿ ದ್ನೀಪರ್ ನದಿಗೆ ಹೋದವಂತೆ. ಇಪ್ಪತ್ತೆರಡೂವರೆ ಮೀಟರ್ ಉದ್ದ, ಇಪ್ಪತ್ತಾರು ಟನ್ ತೂಕ, ಆದರೆ ನೀರಿನೊಳಗೆ ಇಳಿಯುವುದು ಐವತ್ತಾರು ಸೆಂಟಿಮೀಟರ್. ಮೊಣಕಾಲುದ್ದದ ನೀರು ಸಾಕು.

ಹತ್ತರಲ್ಲಿ ಒಂದು ಅಳತೆಗೆ ಮಾಡುವುದೆಂದು ಲೆಕ್ಕ ಹಾಕಿದೆ. ಉದ್ದ ಹತ್ತರಲ್ಲೊಂದು ಆದರೆ ತೂಕ ಸಾವಿರದಲ್ಲೊಂದು: ಇಪ್ಪತ್ತಾರು ಕಿಲೋ. ಮುಳುಗುವ ಆಳ ಐದೂವರೆ ಸೆಂಟಿಮೀಟರಿಗೆ ಕೂದಲೆಳೆ ಹೆಚ್ಚು. ಪಕ್ಕದ ಕವಚ ಏಳು ಮಿಲಿಮೀಟರ್, ನಮಗೆ ಸೊನ್ನೆ ಪಾಯಿಂಟ್ ಏಳು. ಡೆಕ್ಕಿಗೆ ಅದಕ್ಕಿಂತಲೂ ತೆಳು.

ನಮ್ಮ ಫೋರ್‌ಮನ್ ನಕ್ಷೆಯನ್ನು ದೂರ ಹಿಡಿದು ನೋಡಿದರು. ಐವತ್ತರ ಆಸುಪಾಸಿನವರು. ತಂದೆ ಕಮುಕುಂಜಿ ಪೇಟೆಯ ಬಿಸಿಲಲ್ಲಿ ಕೂತು ಮಕ್ಕಳ ಹಾಸ್ಟೆಲ್ ಟ್ರಂಕು ಮಾಡುತ್ತಿದ್ದ ಕಸುಬುದಾರ. ಕೈಕೆಲಸ ಬಲ್ಲವರನ್ನು ಅಲ್ಲಿ ಫುಂಡಿ ಎನ್ನುತ್ತಾರೆ; ನಾನೂ ಅವರನ್ನು ಹಾಗೇ ಕರೆಯುತ್ತಿದ್ದೆ. ಅವರಿಗೆ ನಾನು ಬ್ವಾನಾ, ಎಂದರೆ ಯಜಮಾನ.

"ಸೊನ್ನೆ ಪಾಯಿಂಟ್ ಏಳು. ಒಳ್ಳೆಯದು ಬ್ವಾನಾ, ಟ್ರಂಕಿನ ತಗಡು" ಎಂದರು.

"ಬೇಡ ಫುಂಡಿ. ಒಂದು ಪಾಯಿಂಟ್ ಎರಡು ಹಾಕಿ."

"ಇಲ್ಲಿ ಏಳು ಅಂತ ಬರೆದಿದೆ."

"ಅದು ಯುದ್ಧಕ್ಕೆ. ನಮ್ಮದಕ್ಕೆ ಸ್ವಲ್ಪ ಗಟ್ಟಿ ಇರಲಿ."

ಫೋರ್‌ಮನ್ ನನ್ನನ್ನೇ ಒಂದು ಕ್ಷಣ ನೋಡಿ, "ಸವಾ", ಆಯಿತು, ಎಂದು ಹೋದರು. ಇಪ್ಪತ್ತು ವರ್ಷದ ಅನುಭವದಲ್ಲಿ ಅವರ 'ಸವಾ'ದಲ್ಲಿ ಮೂರು ಬಗೆ ಇರುವುದು ನನಗೆ ಗೊತ್ತು. ಇದು ಮೂರನೆಯದು.

ನನ್ನ ಕಡೆಯಿಂದಲೂ ಒಂದು ಮಾತು ಹೇಳಬೇಕು. ನಾನು ಮಾಡಿದ ಟ್ಯಾಂಕು ಯಾವತ್ತೂ ಸೋರಿ ವಾಪಸು ಬಂದಿಲ್ಲ. ನಕ್ಷೆಯಲ್ಲಿ ಏನೇ ಇರಲಿ, ಒಂದು ಗೇಜ್ ದಪ್ಪ ಹಾಕುವುದು ನನ್ನ ಪದ್ಧತಿ. ಅಷ್ಟಾದರೂ ಟ್ಯಾಂಕು ಹೇರಿದ ಲಾರಿ ಗೇಟು ದಾಟುವ ಮುಂಚೆ ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸುತ್ತಿದ್ದೆ. ಫೋರ್‌ಮನ್ ಆ ನಿಂಬೆಹಣ್ಣುಗಳನ್ನು ರಿವೆಟ್ಟಿನ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡಿರುತ್ತಿದ್ದರು. ದೋಣಿಯ ಕೆಲಸ ಶುರುವಾದ ದಿನ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು: "ಇದಕ್ಕೆ ಚಕ್ರ ಇಲ್ಲವಲ್ಲ ಬ್ವಾನಾ, ನಿಂಬೆಹಣ್ಣು ಎಲ್ಲಿ ಇಡೋದು?"

"ಇದಕ್ಕೆ ಬೇಡ. ಇದು ಸೋವಿಯತ್ ದೋಣಿ" ಎಂದೆ.

ಏಪ್ರಿಲ್ ಪೂರ್ತಿ ಬೆಂಚಿನ ಆರ್ಡರುಗಳ ನಡುವೆ ದೋಣಿ ಬೆಳೆಯಿತು. ಒಳಗೆ ಪಕ್ಕೆಲುಬಿನಂತೆ ಕಬ್ಬಿಣದ ಪಟ್ಟಿ, ಮೇಲೆ ತಗಡು, ಉದ್ದಕ್ಕೂ ವೆಲ್ಡಿಂಗು. ಪಟ್ಟಿಗಳು ನಕ್ಷೆಯಲ್ಲಿ ಹನ್ನೆರಡು. ನಾನು ಹದಿನಾರು ಹಾಕಿಸಿದೆ. ಹಳೆಯ ಕಾರಿನ ರೇಡಿಯೇಟರ್ ಫ್ಯಾನಿನ ಮೋಟರು, ಮೋಟರ್‌ಸೈಕಲ್ಲಿನ ಬ್ಯಾಟರಿ. ದೋಣಿ ಕೈತಪ್ಪಿ ಹೋಗದಂತೆ ಹಿಂದೆ ಒಂದು ನೈಲಾನ್ ಹಗ್ಗ. ಕೊನೆಯ ವಾರ ಟ್ಯಾಂಕುಗಳ ಸೋರಿಕೆ ನೋಡುವ ತೊಟ್ಟಿಯಲ್ಲಿ ಇಳಿಸಿದೆವು. ಸೋರಲಿಲ್ಲ, ವಾಲಲಿಲ್ಲ. ಆದರೆ ಎಮ್ಮೆ ಕೂತಂತೆ ಕೂತಿತು. ಕೆಂಪು ಬಣ್ಣದ ತಳ ಮುಳುಗಿ, ಬೂದು ಬಣ್ಣವೂ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ನೀರಿನೊಳಗೆ ಹೋಯಿತು. ತೂಗಿದರೆ ಮೂವತ್ತೇಳು ಕಿಲೋ.

ಫೋರ್‌ಮನ್ ತಕ್ಕಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬೈದಿದ್ದರೆ ವಾಸಿಯಿತ್ತು.

ನಾನು ಆಗ ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಡಬ್ಬಿಯಲ್ಲಿ ಮಿಕ್ಕಿದ್ದ ಕೆಂಪು ಬಣ್ಣ ತೆಗೆದುಕೊಂಡು, ನೀರಿನ ಗೆರೆಯನ್ನು ಹದಿನೇಳು ಮಿಲಿಮೀಟರ್ ಮೇಲೆ ಏರಿಸಿ ಬಳಿದೆ. ಈಗ ದೋಣಿ ಎಲ್ಲಿ ನಿಂತಿತೋ ಅಲ್ಲೇ ಗೆರೆ. ನೋಡುವವರಿಗೆ ಏನು ಗೊತ್ತಾಗುತ್ತದೆ?

ಮರುದಿನ ಮ್ವಾಲಿಮು ತಂದೆಯನ್ನು ಕರೆದುಕೊಂಡು ಬಂದರು, ಹೇಳದೆ ಕೇಳದೆ. ಮುದುಕರು ಎತ್ತರದ ಆಳು, ಬಗ್ಗಿದ ಬೆನ್ನು, ಬಿಸಿಲಲ್ಲೂ ಕೋಟು. ನನ್ನ ಕಡೆ ನೋಡಲೇ ಇಲ್ಲ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು ತೊಟ್ಟಿಯೊಳಗಿನ ದೋಣಿಯನ್ನು ಬಹಳ ಹೊತ್ತು ನೋಡಿದರು. ಗುರುತು ಸಿಕ್ಕಿತೆಂದು ನನಗೆ ಒಂದು ನಿಮಿಷ ಹಾಯೆನಿಸಿತು. ಆಮೇಲೆ ಅವರು ಫೋರ್‌ಮನ್ ಕಡೆಗೆ ಕೈಚಾಚಿದರು. ಫೋರ್‌ಮನ್‌ಗೆ ರಷ್ಯನ್ ಬಾರದು, ಆದರೆ ಮೆಕ್ಯಾನಿಕ್ಕಿನ ಕೈ ಗೊತ್ತು. ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದುಕೊಟ್ಟರು. ಮುದುಕರು ಬಣ್ಣದ ಗೆರೆಯ ತಂಟೆಗೇ ಹೋಗಲಿಲ್ಲ. ಡೆಕ್ಕಿನ ಅಂಚಿನಿಂದ ನೀರಿನವರೆಗೆ ಅಳೆದರು. ಮುಂದೆ ಒಮ್ಮೆ, ನಡುವೆ ಒಮ್ಮೆ, ಹಿಂದೆ ಒಮ್ಮೆ. ಗೊರಗೊರ ದನಿಯಲ್ಲಿ ಏನೋ ಹೇಳಿದರು.

"ಏನಂತೆ?" ಎಂದೆ.

"ಏನಿಲ್ಲ, ಚೆನ್ನಾಗಿದೆ ಅಂತಾರೆ" ಎಂದರು ಮ್ವಾಲಿಮು.

"ಅಷ್ಟು ಉದ್ದ ಹೇಳಿದರಲ್ಲ."

ಆಕೆ ನಿಟ್ಟುಸಿರು ಬಿಟ್ಟರು. "ಇದು ನಮ್ಮ ದೋಣಿ ಅಲ್ಲವಂತೆ. ಗೆರೆ ಬಳಿದವನಿಗೂ ಅದು ಗೊತ್ತು ಅಂತಾರೆ."

ಫೋರ್‌ಮನ್ ತಟಕ್ಕನೆ ತಿರುಗಿ ವೆಲ್ಡಿಂಗ್ ಸೆಟ್ಟಿನ ವಯರು ಸುತ್ತತೊಡಗಿದರು.

ಮುದುಕರು ಮಾತು ನಿಲ್ಲಿಸಲಿಲ್ಲ. ಮ್ವಾಲಿಮು ತುಂಡುತುಂಡಾಗಿ ಹೇಳುತ್ತಾ ಹೋದರು. ಆ ದೋಣಿಯಲ್ಲಿ ಸಾಮಾನಿಗೆ ಜಾಗವೇ ಇರಲಿಲ್ಲ. ದಾಟಬೇಕಾದ ಸೈನಿಕರು ಡೆಕ್ಕಿನ ಮೇಲೆ ಒತ್ತೊತ್ತಾಗಿ ಮಲಗುತ್ತಿದ್ದರು; ಹೋಗುವಾಗ ಅವರು ಮತ್ತು ಮದ್ದುಗುಂಡು, ಬರುವಾಗ ಗಾಯಾಳುಗಳು. ಆಚೆ ದಡ ಎತ್ತರ, ಅದರ ಮೇಲೆ ಜರ್ಮನರು. ಆಳವಾದ ನೀರಿನ ದಾರಿ ಎಲ್ಲಿದೆಯೆಂದು ಅವರಿಗೂ ಗೊತ್ತು, ಫಿರಂಗಿಗಳನ್ನು ಅಲ್ಲಿಗೇ ಹೊಂದಿಸಿ ಇಟ್ಟಿದ್ದರು. ಆದ್ದರಿಂದ ಇವರ ಕಮಾಂಡರ್ ಮರಳ ದಿಬ್ಬಗಳ ಮೇಲಿನಿಂದ ಒಯ್ಯುತ್ತಿದ್ದ, ಬೇರೆ ಯಾವ ದೋಣಿಯೂ ಬಾರದ ಕಡೆಯಿಂದ. ಏಳು ಮಿಲಿಮೀಟರ್ ಉಕ್ಕು ಬಂದೂಕಿನ ಗುಂಡು ತಡೆಯುತ್ತದೆ, ಫಿರಂಗಿಯದನ್ನಲ್ಲ. ಉಳಿಸುತ್ತಿದ್ದದ್ದು ಉಕ್ಕಲ್ಲ, ಐವತ್ತಾರು ಸೆಂಟಿಮೀಟರು.

"ಒಂದು ಸಲ ಜಾಸ್ತಿ ಜನ ಹತ್ತಿಬಿಟ್ಟರಂತೆ. ಯಾರನ್ನ ಇಳಿಸೋದು? ಇಳಿಸಲಿಲ್ಲ. ದಿಬ್ಬದ ಮೇಲೆ ತಳ ತಾಗಿದ್ದು ಅಪ್ಪನಿಗೆ ಪಾದದಲ್ಲಿ ಗೊತ್ತಾಯಿತಂತೆ."

ಮುದುಕರು ಸ್ಕೇಲಿನ ಮೇಲೆ ಉಗುರಿಟ್ಟು ತೋರಿಸಿದರು. ದೋಣಿ ಹೆಚ್ಚಿಗೆ ಇಳಿದದ್ದು ಎರಡು ಸೆಂಟಿಮೀಟರಿಗೂ ಕಡಿಮೆ.

"ರಿವರ್ಸ್ ಹಾಕಿ ಬಿಡಿಸಿಕೊಂಡರು. ಸ್ವಲ್ಪ ಹೊತ್ತು ಹಿಡೀತು, ಅಷ್ಟರಲ್ಲಿ ಗುಂಡು ಬಿತ್ತು" ಎಂದರು ಮ್ವಾಲಿಮು. "ಆಮೇಲೆ ದೋಣಿ ಹಗುರ ಆಗಿತ್ತಂತೆ."

ಮುದುಕರು ಸ್ಕೇಲನ್ನು ಕೋಟಿಗೆ ಒರೆಸಿ ಫೋರ್‌ಮನ್‌ಗೆ ವಾಪಸು ಕೊಟ್ಟು, ಒಂದು ಪ್ರಶ್ನೆ ಕೇಳಿದರು. ಇಷ್ಟು ದಪ್ಪ ತಗಡು ಹಾಕಲು ಹೇಳಿದ್ದು ಯಾರು?

"ನಾನೇ. ಸೇಫ್ಟಿಗೆ ಅಂತ ಹಾಕಿಸಿದ್ದು" ಎಂದೆ.

ಉತ್ತರ ಎರಡೇ ಪದ. ಮ್ವಾಲಿಮು ತಲೆ ತಗ್ಗಿಸಿ ಅನುವಾದಿಸಿದರು: "ಯಾರ ಸೇಫ್ಟಿಗೆ?"

ಅಂದು ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಗುಣಿಸುತ್ತಿದ್ದೆ. ಹೆಂಡತಿ, "ಅನ್ನಕ್ಕೆ ಸಾರು ಕಲಸ್ಕೊಳ್ರೀ, ಲೆಕ್ಕ ಆಮೇಲೆ ಕಲಸ್ಕೊಳ್ಳಿ" ಅಂದಳು. ನಡೆದದ್ದನ್ನು ಹೇಳಿದೆ. ಮುದುಕರನ್ನೇ ಒಂದಿಷ್ಟು ಬೈದಾಳು, ನನಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವಳು, "ಸರಿಯಾಗೇ ಕೇಳಿದಾರೆ. ಮಗಳನ್ನ ಸ್ಕೂಲ್ ಟ್ರಿಪ್ಪಿಗೆ ಕಳ್ಸೋವಾಗ್ಲೂ ಮೂರು ಸ್ವೆಟರ್ ತುಂಬಿ ಬ್ಯಾಗ್ ಹೊರೋಕಾಗದ ಹಾಗೆ ಮಾಡಿದ್ರಲ್ಲ, ಅದೂ ಯಾರ ಸೇಫ್ಟಿಗೆ?" ಎಂದಳು. ಹೈರಿಡ್ಜ್‌ನ ಆ ಮನೆಯಲ್ಲಿ ನನ್ನ ಪರ ವಾದಿಸುವವರು ಯಾವತ್ತೂ ಇರಲಿಲ್ಲ.

ಮೇ ಒಂಬತ್ತಕ್ಕೆ ಹನ್ನೊಂದು ದಿನ ಇತ್ತು. ಬೆಳಿಗ್ಗೆ ಹೋದವನೇ ದೋಣಿಯನ್ನು ಕತ್ತರಿಸಲು ಹೇಳಿದೆ. ಗೋಪುರ, ಮೋಟರು, ಪ್ರೊಪೆಲ್ಲರ್ ಮಾತ್ರ ಉಳಿಸಿಕೊಂಡೆವು. ಒಡಲನ್ನು ಗ್ರೈಂಡರಿನಲ್ಲಿ ಸೀಳುವಾಗ ಸೇಠರು ಬಂದು ನಿಂತು, "ಇದೇನು ಹುಚ್ಚು? ತೇಲ್ತಾ ಇತ್ತಲ್ಲ!" ಎಂದರು.

"ತೇಲ್ತಾ ಇತ್ತು ಸೇಠ್‌ಜಿ, ಅವರ ದೋಣಿ ಮಾತ್ರ ಆಗಿರಲಿಲ್ಲ."

ಅವರು ತಲೆ ಕೊಡವಿ ಹೋದರು. ನನಗೂ ಸರಿಯಾಗಿ ಅರ್ಥವಾಗಿರಲಿಲ್ಲ.

ತೆಳು ತಗಡಿಗೆ ನಮ್ಮ ವೆಲ್ಡರುಗಳು ಆರ್ಕ್ ಹಚ್ಚಿದರೆ ತೂತು. ಕರೆಂಟು ಇಳಿಸಿದರೆ ತಗಡು ಬಿಸಿಗೆ ಹಪ್ಪಳದಂತೆ ಏಳುತ್ತಿತ್ತು. ಎರಡು ದಿನ ಹೀಗೇ ಹಾಳಾಯಿತು. ಮೂರನೆಯ ದಿನ ಫೋರ್‌ಮನ್ ವೆಲ್ಡಿಂಗ್ ಸೆಟ್ಟಿನ ಸ್ವಿಚ್ಚು ತಾವೇ ಆರಿಸಿದರು.

"ಬ್ವಾನಾ, ಮೊದಲ ದಿನವೇ ಹೇಳಿದೆ, ಇದು ಟ್ರಂಕಿನ ತಗಡು ಅಂತ. ಟ್ರಂಕಿಗೆ ಯಾರಾದರೂ ವೆಲ್ಡಿಂಗ್ ಮಾಡ್ತಾರಾ?"

"ಮತ್ತೇನು ಮಾಡ್ತಾರೆ?"

"ಮಡಿಸ್ತಾರೆ."

ಅವರು ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆಯ ಬದಿಗೆ ರೈಲು ಹಳಿಯ ತುಂಡೊಂದನ್ನು ಇಟ್ಟುಕೊಂಡು, ಮರದ ಸುತ್ತಿಗೆಯಿಂದ ಒಂದು ತಗಡಿನ ಅಂಚನ್ನು ಇನ್ನೊಂದರೊಳಗೆ ಕೊಕ್ಕೆಯಂತೆ ಮಡಿಸಿ ತಟ್ಟತೊಡಗಿದರು. ಮಡಿಕೆಯ ಉದ್ದಕ್ಕೂ ಬೆಸುಗೆಯ ಸೀಸ ಹರಿಸಿದರು. ಮೂರು ದಿನ ಕಾರ್ಖಾನೆಯಲ್ಲಿ ಟಕಟಕ ಸದ್ದು. ಪ್ರೊಪೆಲ್ಲರಿನ ಅರ್ಧ ಸುರಂಗ ಮಾತ್ರ ಎರಡು ಸಲ ಸೀಳಿತು; ಮೂರನೆಯ ಸಲ ಅದನ್ನು ಖಾಲಿ ಗ್ಯಾಸ್ ಸಿಲಿಂಡರಿನ ಬೆನ್ನ ಮೇಲೆ ಬಗ್ಗಿಸಿ ಕೂರಿಸಿದರು.

ನನ್ನ ಕೆಲಸ ತಕ್ಕಡಿ. ಪ್ರತಿ ತುಂಡನ್ನೂ ತೂಗಿ ಬರೆಯುತ್ತಿದ್ದೆ. ಪಟ್ಟಿ ಹನ್ನೆರಡೇ. ಅಭ್ಯಾಸದ ಬಲದಿಂದ ನಾನು ಉದ್ದದ ಬೋಲ್ಟು ಎತ್ತಿಕೊಂಡರೆ ಫೋರ್‌ಮನ್ ಕೆಮ್ಮುತ್ತಿದ್ದರು. ಮೂರನೆಯ ಕೋಟು ಬಣ್ಣ ಬಳಿಯೋಣವೇ ಎಂದರೆ, "ಯಾರ ಸೇಫ್ಟಿಗೆ ಬ್ವಾನಾ?" ಎನ್ನುತ್ತಿದ್ದರು. ವೆಲ್ಡರುಗಳೂ ಅದನ್ನು ಕಲಿತರು. ಕ್ಯಾಂಟೀನಿನಲ್ಲಿ ನಾನು ಎರಡನೆಯ ಚಪಾತಿ ತೆಗೆದುಕೊಂಡಾಗ ಹಿಂದಿನಿಂದ ಯಾರೋ ಅದೇ ಪ್ರಶ್ನೆ ಕೇಳಿದರು.

ಏಳನೆಯ ತಾರೀಖು ತೊಟ್ಟಿಗೆ ಇಳಿಸಿದೆವು. ಇಪ್ಪತ್ತಾರು ಕಿಲೋ, ಮೇಲೆ ನೂರು ಗ್ರಾಂ. ಡೆಕ್ಕಿನ ಅಂಚಿನಿಂದ ನೀರಿನವರೆಗೆ ಅಳೆದರೆ ಮುದುಕರ ಪೆನ್ಸಿಲ್ಲಿನ ಅಂಕೆಯೇ. ಎಮ್ಮೆಯಂತೆ ಕೂರಲಿಲ್ಲ, ನೀರಿನ ಮೇಲೆ ಎಲೆಯಂತೆ ನಿಂತಿತು. ನನಗಾದರೋ ಸಂತೋಷದ ಬದಲು ಭಯ ಹತ್ತಿತು. ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗುವ ತಗಡು! ಅವತ್ತೇ ಡೈರಿಯ ಪಟ್ಟಿ ಬರೆದದ್ದು.

ಒಂಬತ್ತರ ಬೆಳಿಗ್ಗೆ ಪಿಕಪ್ಪಿಗೆ ಹೇರುವ ಮುಂಚೆ ಒಂದು ನಿಮಿಷ ದೋಣಿಯ ಜೊತೆ ನಾನೊಬ್ಬನೇ ಇದ್ದೆ. ಬ್ಯಾಟರಿಯ ವಯರು ಕೊನೆಯ ಸಲ ನೋಡಲೆಂದು ಗೋಪುರವನ್ನು ಎತ್ತಿಟ್ಟಿದ್ದೆ. ಅದರ ದುಂಡನೆಯ ಕಿಂಡಿ ತೆರೆದಿತ್ತು. ರಿವೆಟ್ಟಿನ ಡಬ್ಬಿಯ ಪಕ್ಕದಲ್ಲಿ ನಿಂಬೆಹಣ್ಣು ಇತ್ತು. ಒಂದು ಗೇಜ್ ದಪ್ಪವಿಲ್ಲ, ಹೆಚ್ಚಿನ ಪಟ್ಟಿಯಿಲ್ಲ, ಮೂರನೆಯ ಕೋಟಿಲ್ಲ. ಮನುಷ್ಯನಿಗೆ ಏನಾದರೂ ಒಂದು ಬೇಕಲ್ಲ! ಪುಟ್ಟದೊಂದು ಹಣ್ಣು ಆರಿಸಿ, ಕಿಂಡಿಯೊಳಗೆ ಕೈಹಾಕಿ, ಮೊದಲ ಪಟ್ಟಿಯ ಮೂಲೆಗೆ ಒಂದಿಷ್ಟು ಪತ್ರಿಕೆಯ ಕಾಗದ ಒತ್ತಿ ಅದರ ಮೇಲೆ ಕೂರಿಸಿದೆ. ಗೋಪುರ ಮುಚ್ಚಿದೆ. ತೂಕದ ಪುಸ್ತಕದಲ್ಲಿ ಬರೆಯಲಿಲ್ಲ.

ಮಟಾಟು ಗುದ್ದಲಿಲ್ಲ. ಮಳೆ ಬರಲಿಲ್ಲ. ಸೇಠರ ಕೊಳದಲ್ಲಿ ನೀರಿತ್ತು. ಮುದುಕರು ಕೋಟಿನ ತುಂಬ ಪದಕ ಹಾಕಿಕೊಂಡು, ಮಗಳ ತೋಳು ಹಿಡಿದು ಅಂಚಿಗೆ ಬಂದರು, ಜಾರಲಿಲ್ಲ. ದೋಣಿಯನ್ನು ನೀರಿಗಿಳಿಸಿದೆವು. ಅವರು ಕಷ್ಟಪಟ್ಟು ಮಂಡಿಯೂರಿ ಕೂತು ಕೈಚಾಚಿದರು. ಫೋರ್‌ಮನ್ ಸ್ಕೇಲು ಕೊಟ್ಟರು. ಮುಂದೆ, ನಡುವೆ, ಹಿಂದೆ. ಅವರು ಸ್ಕೇಲನ್ನು ಕೆಳಗಿಟ್ಟು, ಅಂಗೈಯನ್ನು ಡೆಕ್ಕಿನ ಮೇಲೆ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಮ್ವಾಲಿಮು ಮುಖ ಆಚೆ ತಿರುಗಿಸಿದರು.

ಆಮೇಲೆ ಕೈ ತೆಗೆಯದೆಯೇ ಒಂದು ಮಾತು ಹೇಳಿದರು.

"ಹೊರಡೋ ಮುಂಚೆ ದಡಕ್ಕೆ ಕಟ್ಟಿಕೊಂಡೇ ಇಂಜಿನ್ ಓಡಿಸಿ ನೋಡಬೇಕಂತೆ. ಅವರು ಯಾವಾಗಲೂ ಹಾಗೇ ಮಾಡ್ತಿದ್ದರಂತೆ" ಎಂದರು ಮ್ವಾಲಿಮು.

ಫೋರ್‌ಮನ್ ಹಗ್ಗ ಬಿಗಿಹಿಡಿದು ಸ್ವಿಚ್ ಹಾಕಿದರು. ಮೋಟರು ಗುಂಯ್ ಎಂದಿತು. ಹಿಂದೆ ನೀರು ನೊರೆಯೆದ್ದಿತು. ಡೆಕ್ಕು ನಡುಗಿತು. ಒಳಗೆ ಎಲ್ಲೋ ಏನೋ ಮೆಲ್ಲಗೆ ಉರುಳಿ, ಟಕ್ ಎಂದು ತಗಡಿಗೆ ಬಡಿಯಿತು. ಮತ್ತೆ ಉರುಳಿತು. ಟಕ್.

ದಪ್ಪ ತಗಡಾಗಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ.

ಮುದುಕರ ಇನ್ನೊಂದು ಕೈ ಮೇಲೆದ್ದಿತು. ಅದಕ್ಕೆ ಅನುವಾದ ಬೇಕಿರಲಿಲ್ಲ, ಮೋಟರು ನಿಂತಿತು. ಅವರೇ ಗೋಪುರವನ್ನು ಹಿಡಿದು ತಿರುಗಿಸಿ ಎತ್ತಿದರು, ಕಿಂಡಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಾಡಿದರು. ಹೊರಗೆ ಬಂದ ಮುಷ್ಟಿ ಬಿಚ್ಚಿದರೆ ನಿಂಬೆಹಣ್ಣು, ಗ್ರೀಸು ಮೆತ್ತಿಕೊಂಡದ್ದು.

ಕೊಳದ ಸುತ್ತ ಇದ್ದ ಅಷ್ಟೂ ಜನ ಅದನ್ನು ನೋಡಿದರು. ಆಮೇಲೆ, ನಾನು ಏನೂ ಹೇಳದಿದ್ದರೂ, ನನ್ನನ್ನು ನೋಡಿದರು.

ಬೈಗುಳ ಶುರುವಾಯಿತು. ಪದಕಗಳು ಎದೆಯ ಮೇಲೆ ಕಿಣಿಕಿಣಿ ಎನ್ನುವಂತೆ, ನಿಂಬೆಹಣ್ಣನ್ನು ನನ್ನ ಮೂಗಿನ ಮುಂದೆ ಆಡಿಸುತ್ತಾ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋದ ಬೈಗುಳ. ಕೈಯಲ್ಲೇ ಪ್ರೊಪೆಲ್ಲರಿನ ದಂಡ ತಿರುಗಿಸಿ ತೋರಿಸಿದರು, ಸಡಿಲ ವಸ್ತು ಅದಕ್ಕೆ ಸಿಕ್ಕಿದರೆ ಏನಾಗುತ್ತದೆಂದು ಹಣ್ಣನ್ನು ಹಿಚುಕುವಂತೆ ಮಾಡಿ ತೋರಿಸಿದರು, ಆಚೆ ದಡದ ಎತ್ತರವನ್ನು ಸೇಠರ ಬೋಗನ್‌ವಿಲ್ಲಾ ಬೇಲಿಯ ಮೇಲೆ ತೋರಿಸಿದರು. ಐದು ನಿಮಿಷವಾದರೂ ಆಗಿರಬೇಕು.

ಮ್ವಾಲಿಮು ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು. "ಇಲ್ಲಿಗೆ ಬಂದಮೇಲೆ ಇಷ್ಟು ಮಾತಾಡಿದ್ದೇ ಇಲ್ಲ" ಎಂದರು. "ಒಂದೇ ಇಂಜಿನ್ ಇರೋ ದೋಣಿಯಲ್ಲಿ ಹೀಗೆ ಮಾಡ್ತಾರಾ ಅಂತ ಕೇಳ್ತಿದಾರೆ. ಒಂದೇ ಅಂದರು, ಕೇಳಿಸಿತಾ? ಮಿಕ್ಕಿದ್ದನ್ನೂ ಹೇಳಲಾ?"

"ಬೇಡ ಮ್ವಾಲಿಮು, ತಲುಪಿತು" ಎಂದೆ.

ದೋಣಿ ಕೊಳವನ್ನು ಮೂರು ಸಲ ದಾಟಿತು. ಗೋಪುರ ತಿರುಗಿತು, ಯಾರ ಕಡೆಗೂ ಗುರಿಯಿಡದೆ ಮುಂದಕ್ಕೇ ಬಂದು ನಿಂತಿತು. ಆಮೇಲೆ ಸೇಠರ ಮನೆಯವರು ಚಹಾ ತಂದರು. ಹಾಲು ಬೆರೆಸಿದ್ದನ್ನು ಮುದುಕರು ಬೇಡವೆಂದು ಸರಿಸಿ, ಕಪ್ಪು ಚಹಾ ತರಿಸಿಕೊಂಡು, ಕೋಟಿನ ಜೇಬಿನಿಂದ ನಿಂಬೆಹಣ್ಣು ತೆಗೆದರು. ಕರವಸ್ತ್ರದಲ್ಲಿ ಗ್ರೀಸು ಒರೆಸಿದರು, ತೊಳೆದರು, ಚಾಕು ಕೇಳಿ ತೆಳ್ಳಗೆ ಬಿಲ್ಲೆಬಿಲ್ಲೆಯಾಗಿ ಕೊಯ್ದರು. ಒಂದು ತಮ್ಮ ಲೋಟಕ್ಕೆ, ಒಂದು ಫೋರ್‌ಮನ್‌ದಕ್ಕೆ. ಸ್ವಲ್ಪ ಯೋಚಿಸಿ, ಒಂದು ನನ್ನದಕ್ಕೆ.

ಫೋರ್‌ಮನ್ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಎಲ್ಲಿ ಇಡೋದು ಅಂತ ಆವತ್ತೇ ಕೇಳಿದ್ದೆ ಬ್ವಾನಾ" ಎಂದರು.